ಹಾಜರಿಯ ಹದಿನಾಲ್ಕು ಕೂಸುಗಳು

ಮನೆ, ಮುಂದಿನ ಕೋಣೆ
ಫೆಬ್ರವರಿ ಹದಿನೆಂಟು, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ನಿಂತಿತಾ? ಹೋದ ವಾರ ಫೋನಿನಲ್ಲಿ ನಿಂತಿದೆ ಅಂದೆ, ಹಾಗನ್ನುವಾಗಲೇ ಎರಡು ಸಲ ಫೋನನ್ನು ದೂರ ಹಿಡಿದೆ. ನನಗೆ ಗೊತ್ತಾಗಲ್ಲ ಅಂದುಕೊಂಡೆಯಾ? ಬಿಸಿನೀರು ಕುಡಿ. ನಿಮ್ಮ ಕಚೇರಿಯಲ್ಲಿ ಕಿಟಕಿಯೆಲ್ಲ ಮುಚ್ಚಿ ಮೇಲಿಂದ ತಣ್ಣನೆ ಗಾಳಿ ಬಿಡುತ್ತಾರಲ್ಲ, ಅದರ ಕೆಳಗೆ ಕೂರಬೇಡ. ನಾನು ಚೆನ್ನಾಗಿದ್ದೇನೆ, ಮಂಡಿ ನೋವು ಇದ್ದ ಹಾಗೇ ಇದೆ. ನಿನ್ನಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಲೇತ್ ಮಷಿನ್ನು ಮೂವತ್ತು ವರ್ಷ ಅವರ ಕಿವಿ ತಿಂದಿತು ಅಂತ ಡಾಕ್ಟರು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಬೇಕಾದ್ದೆಲ್ಲ ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ. ಮದುವೆಯಾದ ಹೊಸದರಲ್ಲೂ ಹೀಗೇ ಇದ್ದರು, ಆಗ ಮಷಿನ್ನಿನ ನೆಪ ಇರಲಿಲ್ಲ ಅಷ್ಟೆ.

ಫೋನಿರುವಾಗ ಕಾಗದ ಯಾಕೆ ಅಂತೀಯ. ಫೋನಿನಲ್ಲಿ ನಾನು ಬಾಯಿ ತೆಗೆಯುವ ಮೊದಲೇ ನೀನು ಮೀಟಿಂಗಿಗೆ ಹೋಗಿಬಿಡುತ್ತೀಯ. ಇದನ್ನು ಯಾರ ಕೈಯಲ್ಲೂ ಕೊಟ್ಟು ಕಳಿಸುತ್ತಿಲ್ಲ. ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ, ಒಳಗೆ ಬಿತ್ತಾ ಅಂತ ಬಗ್ಗಿ ನೋಡಿಯೇ ಬರುವುದು. ಈಗೀಗ ನನಗೆ ಯಾರ ಕೈ ಮೇಲೂ ನಂಬಿಕೆ ಉಳಿದಿಲ್ಲ. ಯಾಕೆ ಅಂತ ಕೇಳು.

ನೀನು ಕಳಿಸಿದ ಹೆಂಗಸಿನ ವಿಷಯ ಮೊದಲು. ಜನವರಿ ಇಪ್ಪತ್ತೈದು, ಸೋಮವಾರ. ನಾನು ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ಕಂದು ಬಣ್ಣದ ಚೀಲ. "ಸಂಘದ ದೊಡ್ಡ ಕಚೇರಿಯಿಂದ ಬಂದಿದೀನಿ ಅಮ್ಮ, ಕೂಸಿನ ಕೋಣೆ ಹೇಗೆ ನಡೆಯುತ್ತೆ ಅಂತ ಕಲಿಯೋಕೆ" ಅಂದಳು. ಅಲ್ಲ ಪುಟ್ಟಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸು ನೋಡಿಕೊಳ್ಳಲು ಹದಿನೆಂಟು ಬೀದಿಗಳಲ್ಲಿ ಹದಿನೆಂಟು ಕೂಸಿನ ಕೋಣೆ ನಡೆಸುವ ನಿನ್ನ ಸಂಘದವಳಿಗೆ ಕಲಿಯುವುದಕ್ಕೆ ನನ್ನ ಮನೆಯೇ ಬೇಕಿತ್ತಾ? ಕಲಿಯೋಕೆ ಬಂದವರು ಕೂಸುಗಳನ್ನು ನೋಡುತ್ತಾರೆ. ಇವಳು ಗೋಡೆ ನೋಡಿದಳು, ಸೂರು ನೋಡಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಏನು ಬರೆದೆ ಅಂದರೆ "ಸುಮ್ನೆ ಅಮ್ಮ". ಸುಮ್ನೆ ಯಾರಾದರೂ ಗೋಡೆ ತಟ್ಟುತ್ತಾರಾ?

ಕೆಲಸಗಳ್ಳಿ ಅನ್ನುವ ಹಾಗೂ ಇಲ್ಲ. ಬಂದ ದಿನವೇ ತೋಳು ಮಡಚಿ ಕೂಸುಗಳ ಅಂಡು ತೊಳೆದಳು, ಹಾಲಿನ ಬಾಟಲಿ ಕುದಿಸಿದಳು, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆಗೆ ಮಲಗಿಸಿದಳು. ಅದರಿಂದ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ಕಚೇರಿಯವರು ಇಷ್ಟು ಚೆನ್ನಾಗಿ ಅಂಡು ತೊಳೆಯುತ್ತಾರಾ? ಇಷ್ಟೆಲ್ಲ ಮಾಡುವಾಗಲೂ ಆ ಚೀಲ ಹೆಗಲಿನಿಂದ ಇಳಿಯಲಿಲ್ಲ. ಊಟಕ್ಕೆ ಕೂತರೆ ತೊಡೆಯ ಮೇಲೆ, ಬಚ್ಚಲಿಗೆ ಹೋದರೆ ಜೊತೆಯಲ್ಲಿ. ಎರಡನೇ ದಿನಕ್ಕೇ, ನನ್ನ ಜೊತೆ ಕೂಸು ನೋಡುವ ದರ್ಜಿಯಕ್ಕ ಅವಳಿಗೆ ಚೀಲದ ಮೇಡಂ ಅಂತ ಹೆಸರಿಟ್ಟಳು. "ಬಾಡಿಗೆ ಮನೆ ನೋಡೋಕೆ ಬಂದವಳ ಹಾಗೆ ನೋಡ್ತಾಳೆ ಕಣೇ. ಹುಷಾರು" ಅಂತ ನನ್ನ ಕಿವಿಯಲ್ಲಿ ಹೇಳಿದಳು. ದರ್ಜಿಯಕ್ಕ ಕಿವಿಯಲ್ಲಿ ಹೇಳಿದರೆ ಪಕ್ಕದ ಮನೆಗೂ ಕೇಳಿಸುತ್ತದೆ, ನಿನಗೆ ಗೊತ್ತಲ್ಲ.

ಅವಳು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಅದೂ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ. "ಇವತ್ತು ಎಷ್ಟು ಕೂಸು ಅಮ್ಮ?" ನಾನು ಹಾಜರಿ ಪುಸ್ತಕ ಅವಳ ಕಡೆ ತಿರುಗಿಸಿ "ಹದಿನಾಲ್ಕು" ಅನ್ನುತ್ತಿದ್ದೆ. ಅವಳು ಪುಸ್ತಕ ನೋಡುತ್ತಿದ್ದಳು, ಆಮೇಲೆ ಚಾಪೆ ನೋಡುತ್ತಿದ್ದಳು. ಚಾಪೆಯ ಮೇಲೆ ಐದೋ ಆರೋ ಇರುತ್ತಿದ್ದವು. "ಉಳಿದವರು?" "ಬರ್ತಾರೆ." ಆಮೇಲೆ ಅವಳು ಬಾಟಲಿ ಕುದಿಸಲು ಎದ್ದು ಹೋಗುತ್ತಿದ್ದಳು. ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಬೀದಿಯವರೂ ಅವಳ ಕಡೆ ಸೇರಿಕೊಂಡ ಹಾಗೆ ಕಾಣಿಸತೊಡಗಿತು. ಅಂಗಡಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಸೋಪಿನ ಬೆಲೆ ವಿಚಾರಿಸುತ್ತಿದ್ದರು. ಮೂಲೆಮನೆಯ ಸೊಸೆ ನನ್ನನ್ನು ಕಂಡರೆ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ದಿನ ಚೀಲದ ಮೇಡಂ ಅವಳ ಬಾಗಿಲಲ್ಲಿ ನಿಂತು ಮಾತಾಡುತ್ತಿರುವುದನ್ನು ಈ ಕಣ್ಣಾರೆ ಕಂಡೆ. ನಾನು ಹತ್ತಿರ ಹೋದ ಕೂಡಲೇ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು. ಮೋಡ ಕವಿದ ದಿನ ಅದು.

ನಾನು ದರ್ಜಿಯಕ್ಕನನ್ನು ಅವಳ ಹಿಂದೆ ಬಿಟ್ಟೆ. ನಗಬೇಡ. ಸಂಜೆ ಅವಳು ಹೊರಟ ಮೇಲೆ ದರ್ಜಿಯಕ್ಕ ಹತ್ತು ಹೆಜ್ಜೆ ಹಿಂದೆ ಬಸ್ ಸ್ಟಾಪಿನ ತನಕ ಹೋಗಿ, ಜಾಹೀರಾತಿನ ಹಲಗೆಯ ಹಿಂದೆ ನಿಂತಳಂತೆ. ಆ ಮೈಗೆ ಆ ಹಲಗೆ ಸಾಲುವುದಿಲ್ಲ, ಆದರೂ ನಿಂತಳು. ಚೀಲದ ಮೇಡಂ ಮೂರು ಬಸ್ಸು ಬಿಟ್ಟಳಂತೆ. ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹೇಳಿದ್ದು ಇಷ್ಟು: "ಇವತ್ತೂ ಕೊಡೋಕಾಗಲಿಲ್ಲ ಮೇಡಂ. ನಾಳೆ ಕೊಡ್ತೀನಿ." ಏನು ಕೊಡಬೇಕಿತ್ತು? ಯಾರಿಗೆ? ದರ್ಜಿಯಕ್ಕ ಅಂತೂ ಕೂಸುಗಳಿಗೆ ಏನಾದರೂ ಕೊಟ್ಟಾಳು ಅಂತ ನಮ್ಮ ಹಾಲಿನ ಬಾಟಲಿಗಳನ್ನೆಲ್ಲ ಆವತ್ತೇ ಬೀಗ ಹಾಕಿಟ್ಟಳು.

ಇಲ್ಲಿ ನಿಲ್ಲಿಸಿ ಒಂದು ಹಳೆಯ ವಿಷಯ ಹೇಳಬೇಕು. ನಿನಗೆ ಗೊತ್ತಿರುವುದೇ. ಆದರೆ ನಿಮ್ಮ ಕಚೇರಿಯ ಗೋಡೆಯ ಮೇಲೆ ಚಿನ್ನದ ಬಣ್ಣದಲ್ಲಿ "ಸಮುದಾಯದ ಅಗತ್ಯಗಳನ್ನು ಗುರುತಿಸಿ ಸ್ಥಾಪಿಸಲಾಯಿತು" ಅಂತ ಬರೆಸಿದ್ದೀರಲ್ಲ, ಅದನ್ನು ಓದಿದಾಗಿನಿಂದ ಅದರ ಕೆಳಗೆ ನಿಜ ಬರೆದು ಬರೋಣ ಅನ್ನಿಸುತ್ತಿದೆ. ಇಪ್ಪತ್ತಾರು ವರ್ಷದ ಹಿಂದೆ ಯಾರೂ ಯಾವ ಅಗತ್ಯವನ್ನೂ ಗುರುತಿಸಲಿಲ್ಲ. ಡಬ್ಬಿ ಕಾರ್ಖಾನೆಯಿಂದ ನಾನು ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದೆ. ನಿನಗೆ ಆಗ ಮೂರು ವರ್ಷ, ನಿನ್ನಜ್ಜಿಯ ಹತ್ತಿರ ಇದ್ದೆ. ದರ್ಜಿಯಕ್ಕನ ಬಾಗಿಲು ತೆರೆದಿತ್ತು. ಅವಳು ದಾರದ ಉಂಡೆ ತರಲು ಅಂಗಡಿಗೆ ಹೋಗಿದ್ದಳು, ಮಗ ಹರಿದಾಡದಿರಲಿ ಅಂತ ಬಟ್ಟೆಯ ಪಟ್ಟಿಯಲ್ಲಿ ಹೊಲಿಗೆ ಮಷಿನ್ನಿನ ಕಾಲಿಗೆ ಕಟ್ಟಿ. ಮಗು ಸುತ್ತಿ ಸುತ್ತಿ ಪಟ್ಟಿ ಕೊರಳಿಗೆ ಬಿದ್ದಿತ್ತು. ತುಟಿ ನೀಲಿಯಾಗಿತ್ತು. ಕತ್ತರಿ ಎದುರಿಗೇ ಇತ್ತು, ಕತ್ತರಿಸಿದೆ. ಅವನು ಉಸಿರೆಳೆದು ಅತ್ತ. ಅವಳು ಬಂದು ಬಾಗಿಲಲ್ಲೇ ಕುಸಿದಳು. ನಾನು ಅವಳಿಗೆ ಸಮಾಧಾನವನ್ನೂ ಹೇಳಲಿಲ್ಲ. "ನಾಳೆಯಿಂದ ನನ್ನ ಮನೆಯಲ್ಲಿ ಬಿಡು" ಅಂದೆ ಅಷ್ಟೆ. ನಾನು ಕೆಲಸಕ್ಕೆ ಹೋದಾಗ ಅವಳು, ಅವಳು ಹೊಲಿಯುವಾಗ ನಾನು. ವಾರದಲ್ಲಿ ಕಾರ್ಖಾನೆಯ ಹೆಂಗಸರ ಕೂಸು ಆರು ಬಂದವು. ಸಂಜೆ ಕೂಸುಗಳನ್ನು ಕರೆದೊಯ್ಯಲು ಬಂದ ಹೆಂಗಸರು ಇದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ನಲ್ಲಿ ಬಗ್ಗೆ ಮಾತಾಡಿದರು. ಒಂದು ದಿನ ಹನ್ನೊಂದು ಜನ ನೀರಿನ ಕಚೇರಿಗೆ ಹೋದೆವು, ಕೂಸುಗಳ ಸಮೇತ. ಸಾಹೇಬರ ಮೇಜಿನ ಮೇಲೆ ಒಂದು ಕೂಸು ಉಚ್ಚೆ ಹೊಯ್ದದ್ದು ಅರ್ಜಿಗಿಂತ ಬೇಗ ಕೆಲಸ ಮಾಡಿತು. ನಲ್ಲಿ ಬಂತು. ಆಮೇಲೆ ಓದುಬರಹದ ತರಗತಿ, ಆಮೇಲೆ ನರ್ಸಮ್ಮ ಬರುವ ಗುರುವಾರ, ಆಮೇಲೆ ಪಕ್ಕದ ಬೀದಿಯವರು ನಮಗೂ ಬೇಕು ಅಂತ ಬಂದರು. ನೀನು ಓದಿ ಬಂದು ಸಂಘ ಅಂತ ನೋಂದಾಯಿಸಿದೆ. ಈಗ ಅರವತ್ತಮೂರು ಜನ ಕೆಲಸಗಾರರು, ಲಿಫ್ಟಿರುವ ಕಚೇರಿ, ಎರಡು ವ್ಯಾನು. ಅದರಲ್ಲೊಂದನ್ನು ಓಡಿಸುವವನು ಆ ನೀಲಿ ತುಟಿಯವನೇ.

ನನಗೆ ಹೊಟ್ಟೆಕಿಚ್ಚು ಅಂತ ತಿಳಿಯಬೇಡ. ಪ್ರತಿ ಸಲ ವ್ಯಾನು ಬೀದಿಗೆ ಬಂದಾಗ ಬಾಗಿಲಿಗೆ ಓಡುವವಳು ನಾನೇ. ಆದರೆ ಹೋದ ಸಲ ನೀನು ಬಂದಾಗ ಹನ್ನೊಂದು ನಿಮಿಷ ಇದ್ದೆ. ಚಹಾ ಅರ್ಧ ಕುಡಿದೆ. ನನ್ನ ಮುಖ ನೋಡದೆ ಹಾಜರಿ ಪುಸ್ತಕ ತಿರುವಿ ಹಾಕಿ ಮುಚ್ಚಿಟ್ಟೆ. ಆವತ್ತೇ ನನ್ನ ಮನಸ್ಸು ಏನೋ ಅಂದಿತ್ತು.

ಈ ಒಂಬತ್ತನೇ ತಾರೀಕು ಮಂಗಳವಾರ ಮಧ್ಯಾಹ್ನ ಕೂಸುಗಳು ಮಲಗಿದ್ದವು. ಚೀಲದ ಮೇಡಂ ಬಾಟಲಿ ಒರೆಸುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ. "ಏನೋ ಕೊಡೋಕೆ ಬಂದಿದೀಯಂತೆ. ಹದಿನೈದು ದಿನ ಆಯ್ತು. ಕೊಟ್ಟುಬಿಡು" ಅಂದೆ. ಅವಳು ಬಾಟಲಿ ಕೆಳಗಿಟ್ಟಳು. ಚೀಲ ತೆಗೆದು, ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಲಕೋಟೆ ತೆಗೆದು, ಎರಡೂ ಕೈಯಲ್ಲಿ ಕೊಟ್ಟಳು. ಕೊಟ್ಟು ಹೋಗಿ ಕೂಸುಗಳ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು.

ಲಕೋಟೆಯ ಮೇಲೆ ಸಂಘದ ಹೆಸರು, ಕೆಳಗೆ ನಿನ್ನ ಸಹಿ. ಒಳಗೆ ಮೊದಲ ಪದ: ಮಾನ್ಯರೇ.

ಪುಟ್ಟಿ, ನಾನು ಆ ಒಂದು ಪದವನ್ನು ಎಷ್ಟು ಹೊತ್ತು ನೋಡಿದೆ ಅಂತ ಹೇಳಲಾರೆ. ಒಂಬತ್ತು ತಿಂಗಳು ಹೊತ್ತವಳಿಗೆ ಮಾನ್ಯರೇ. ಮುಂದೆ ಓದಿದೆ. ಫಲಾನುಭವಿಗಳ ಸಂಖ್ಯೆ ಇಳಿಮುಖವಾಗಿರುವುದರಿಂದ ಮೊದಲನೇ ಕೇಂದ್ರವನ್ನು ಮುಕ್ತಾಯಗೊಳಿಸಲು ತೀರ್ಮಾನಿಸಲಾಗಿದೆ. ಕೊಠಡಿಯನ್ನು ಸಂಘದ ಇತಿಹಾಸದ ಛಾಯಾಚಿತ್ರಗಳ ಸ್ಮರಣ ಕೊಠಡಿಯಾಗಿ ಪರಿವರ್ತಿಸಲಾಗುವುದು. ಸಂಸ್ಥಾಪಕಿಯವರನ್ನು ಗೌರವ ಸಲಹೆಗಾರರನ್ನಾಗಿ ನೇಮಿಸಲಾಗಿದೆ. ಹದಿನೈದು ದಿನಗಳೊಳಗೆ ಅಭಿಪ್ರಾಯ ತಿಳಿಸುವುದು. ತೀರ್ಮಾನಿಸಲಾಗಿದೆ ಅಂದರೆ ತೀರ್ಮಾನಿಸಿದವರು ಯಾರಮ್ಮ? ಇಡೀ ಕಾಗದದಲ್ಲಿ ಒಬ್ಬ ಮನುಷ್ಯ ಇಲ್ಲ, ಎಲ್ಲವೂ ತಾನಾಗಿ ಆಗಿಬಿಟ್ಟಿದೆ. ಗೋಡೆ ತಟ್ಟಿದ್ದು ಯಾಕೆ ಅಂತಲೂ ಆಗ ಗೊತ್ತಾಯಿತು. ಫೋಟೋ ತೂಗುಹಾಕಲು ಮೊಳೆ ಹಿಡಿಯುತ್ತಾ ಅಂತ. ನಾನು ಬದುಕಿರುವಾಗಲೇ!

"ಇದನ್ನು ಯಾರು ಬರೆದದ್ದು?" ಅಂತ ಅವಳನ್ನು ಕೇಳಿದೆ. "ಮೇಡಂ ಅವರೇ" ಅಂದಳು ಗೋಡೆಯ ಕಡೆಗೇ ಮುಖವಿಟ್ಟು. ಆಮೇಲೆ ತಿರುಗಿ, ಕೇಳದಿದ್ದರೂ ಹೇಳಿದಳು. "ಮೂರು ಸಲ ಕೈಯಲ್ಲಿ ಬರೆದು ಹರಿದು ಹಾಕಿದರು. ನಾನು ಪಕ್ಕದಲ್ಲೇ ಇದ್ದೆ. ಮೂರೂ ಅಮ್ಮಾ ಅಂತಲೇ ಶುರುವಾಗಿತ್ತು. ನಾಲ್ಕನೇದನ್ನು ಟೈಪು ಮಾಡಿಸಿದರು." ಇದು ನಿಜವೋ, ನನ್ನನ್ನು ಸಮಾಧಾನ ಮಾಡಲು ಕಟ್ಟಿದ್ದೋ, ನಿನ್ನನ್ನೇ ಕೇಳಬೇಕು. ಅವಳನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ.

ಎರಡು ದಿನ ಈ ಸಂಖ್ಯೆಯೇ ಸುಳ್ಳು ಅಂತ ಮನೆಯೆಲ್ಲ ಗೊಣಗುತ್ತಾ ಓಡಾಡಿದೆ. ನಿನ್ನಪ್ಪ ಕಾಗದ ಓದಿ, ಕನ್ನಡಕ ಮಡಚಿ, "ಸಂಖ್ಯೆ ಸುಳ್ಳು ಅಂತೀಯಲ್ಲ, ಹಾಗಾದರೆ ಮನೆಮನೆಗೆ ಹೋಗಿ ಎಣಿಸಿಕೊಂಡು ಬಾ. ಬರೆದು ಅವಳ ಮುಖಕ್ಕೆ ಹಿಡಿ" ಅಂದರು. ಅವರು ಇಷ್ಟುದ್ದ ಮಾತಾಡಿದ್ದು ಕಾರ್ಖಾನೆ ಮುಚ್ಚಿದ ವರ್ಷದ ಮೇಲೆ ಇದೇ ಮೊದಲು. ಹಾಜರಿ ಪುಸ್ತಕ ಕಂಕುಳಲ್ಲಿಟ್ಟು ಹೊರಟೆ.

ಅವಳಿಜವಳಿ ಮನೆಗೆ ಬೀಗ. ಹೋದ ಮಳೆಗಾಲದಲ್ಲೇ ಊರು ಬಿಟ್ಟಿದ್ದಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಹಾಜರಿ ಹಾಕುತ್ತಿದ್ದೆ, ವಾಪಸ್ ಬಂದರೆ ಜಾಗ ಇರಲಿ ಅಂತ. ಇನ್ನೈದು ಕೂಸು ಈಗ ವ್ಯಾನಿನಲ್ಲಿ ನರ್ಸರಿ ಶಾಲೆಗೆ ಹೋಗುತ್ತವೆ, ಸಂಜೆ ನನ್ನ ಹತ್ತಿರ ಬ್ರೆಡ್ಡು ತಿನ್ನಲು ಬರುತ್ತವೆ ಅಷ್ಟೆ. ಮೊದಲೆಲ್ಲ ಒಂದೇ ಕೋಣೆಯಿದ್ದ ಮನೆಗಳ ಮೇಲೆ ಮಹಡಿ ಎದ್ದಿದೆ, ಎಲ್ಲ ಮನೆಯಲ್ಲೂ ಅಜ್ಜಿಯೋ ಅತ್ತೆಯೋ ಕಾಲು ಚಾಚಿ ಕೂತಿದ್ದಾರೆ. ಇದೆಲ್ಲ ಯಾವಾಗ ಆಯಿತು? ನನ್ನ ಕಣ್ಣೆದುರಿಗೇ ಆಗಿದೆ. ಕೊನೆಗೆ ಮೂಲೆಮನೆಗೆ ಹೋದೆ. ಸೊಸೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಇವತ್ತು ಯಾಕೆ ಕಳಿಸಲಿಲ್ಲ ಅಂತ ಗದರಿದೆ. ಅವಳು ನೆಲ ನೋಡಿದಳು. "ನಾವೆಲ್ಲ ಸರದಿ ಹಾಕ್ಕೊಂಡಿದ್ವಿ ಅಮ್ಮ. ಸೋಮವಾರ ನಾವು, ಮಂಗಳವಾರ ಎದುರುಮನೆಯವರು. ದಿನಾ ಬರೋ ಕೂಸುಗಳ ಜೊತೆ ಇನ್ನೊಂದೆರಡಾದ್ರೂ ಇರಲಿ ಅಂತ. ಕೋಣೆ ಖಾಲಿ ಇದ್ರೆ ನಿಮಗೆ ಬೇಜಾರಾಗುತ್ತಲ್ಲ."

ಮೆಟ್ಟಿಲು ಇಳಿದದ್ದು ನೆನಪಿದೆ. ಬೀದಿಯುದ್ದಕ್ಕೂ ಬಾಗಿಲುಗಳ ಹಿಂದೆ ಹೆಂಗಸರು ನಿಂತಿದ್ದದ್ದೂ ಕಂಡಿತು. ಎಲ್ಲರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಅಂತ ನಾನು ಹೇಳುತ್ತಿದ್ದೆನಲ್ಲ, ಅದು ಸುಳ್ಳಾಗಲಿಲ್ಲ. ದರ್ಜಿಯಕ್ಕನ ಮನೆಗೆ ಹೋಗಿ "ನೀನೂ ಸೇರಿದ್ದೆಯಾ?" ಅಂತ ಕೇಳಿದೆ. ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಸರದಿ ಪಟ್ಟಿ ಬರೆದವಳೇ ನಾನು" ಅಂದಳು. ನನ್ನ ಅನುಮಾನಕ್ಕೆಲ್ಲ ತಾಳ ಹಾಕುತ್ತಾ ಹಲಗೆಯ ಹಿಂದೆ ನಿಂತು ಬಂದವಳು ಅವಳೇ ನೋಡು. ಅರ್ಧ ಗಂಟೆ ಬೈದೆ, ಆಮೇಲೆ ಅವಳ ಮಂಚದ ಮೇಲೆ ಮಲಗಿ ಅತ್ತೆ. ಅವಳು ಮಷಿನ್ ತುಳಿಯುತ್ತಲೇ ಇದ್ದಳು, ನನ್ನ ಅಳು ಹೊರಗೆ ಕೇಳಿಸದ ಹಾಗೆ.

ಮಾರನೇ ದಿನ ಚೀಲದ ಮೇಡಂ ಬಂದಾಗ ನಾನು ಪುಸ್ತಕ ತೆರೆದು ಹತ್ತು ಹೆಸರಿನ ಮೇಲೆ ಗೆರೆ ಎಳೆದೆ. ನಿಜವಾಗಿ ನಮ್ಮನ್ನೇ ನಂಬಿದ ಕೂಸು ನಾಲ್ಕು. ಅವಳು ಅದನ್ನು ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. "ಹಾಗಾದರೆ ಈಗ ಕೂಸಿನ ಕೋಣೆ ಬೇಕಾಗಿರೋದು ಎಲ್ಲಿ?" ಅಂತ ಕೇಳಿದೆ. "ರೈಲು ಗೇಟಿನಾಚೆ ಅಮ್ಮ, ಗುಜರಿ ಬಾಟಲಿ ಆರಿಸೋರ ಶೆಡ್ಡುಗಳಲ್ಲಿ. ಎರಡು ವರ್ಷದಿಂದ ನಮ್ಮ ಪಟ್ಟಿಯಲ್ಲಿದೆ, ಅನುಮತಿಗೆ ಕಾಯ್ತಿದೀವಿ" ಅಂದಳು. ಯಾರ ಅನುಮತಿಗೆ ಅಂದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ.

ಮುಚ್ಚಬೇಕು ಅಂತ ನೀನು ಅಂದುಕೊಂಡದ್ದು ತಪ್ಪು ಅಂತ ಈಗ ನಾನು ಹೇಳಲಾರೆ. ಎಣಿಸಿ ಬಂದಿದ್ದೇನಲ್ಲ. ಆದರೆ ಒಂದನ್ನು ಕೇಳುತ್ತೇನೆ. ಹದಿನೆಂಟು ಬೀದಿಗಳ ಜನರ ಎದುರು ನಿಂತು ಮಾತಾಡುವವಳಿಗೆ ಈ ಕೋಣೆಯಲ್ಲಿ ಚಾಪೆಯ ಮೇಲೆ ಕೂತು "ಅಮ್ಮಾ, ಸಾಕು" ಅನ್ನಲು ಯಾಕೆ ಬಾಯಿ ಬರಲಿಲ್ಲ? ನಾನು ಅಷ್ಟು ಹೆದರಿಸುತ್ತೇನಾ? ನಿನ್ನಪ್ಪನನ್ನು ಕೇಳಿದೆ. ಅವರಿಗೆ ಕೇಳಿಸಲಿಲ್ಲ.

ಕೆಮ್ಮಿಗೆ ಡಾಕ್ಟರಿಗೆ ತೋರಿಸು, ಚೀಟಿಯ ಫೋಟೋ ನನಗೆ ಕಳಿಸು, ಇಲ್ಲದಿದ್ದರೆ ನಂಬುವುದಿಲ್ಲ. ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸಕ್ಕೆ ಒಳ್ಳೆಯದಾಗಲಿ, ಕೋಪದಲ್ಲಿದ್ದರೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಇಂತಿ,
ನಿನ್ನ ಅಮ್ಮ
(ಗೌರವ ಸಲಹೆಗಾರಳಲ್ಲ)

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಡಬ್ಬಿ ತೆರೆಯಲು ಬರುವ ಹೊತ್ತಾಯಿತು. ನಿನ್ನ ಸ್ಮರಣ ಕೊಠಡಿಗೆ ಈಗ ಮೊಳೆ ಹೊಡೆಸಬಹುದು, ಕೋಣೆ ಖಾಲಿ ಇದೆ. ಸೋಮವಾರ ಬೆಳಿಗ್ಗೆ ತೊಟ್ಟಿಲು, ಚಾಪೆ, ಬಾಟಲಿ ಎಲ್ಲ ಕೈಗಾಡಿಗೆ ಹಾಕಿ ಗೇಟಿನಾಚೆಗೆ ಸಾಗಿಸಿದೆವು. ಬೀದಿಯ ಹೆಂಗಸರೇ ತಳ್ಳಿದರು, ಮೂಲೆಮನೆಯ ಸೊಸೆ ಮುಂದೆ. ಶೆಡ್ಡಿನವರು ಒಂದು ಮೂಲೆ ಖಾಲಿ ಮಾಡಿಕೊಟ್ಟರು, ಗಾಜಿನ ಚೂರು ಆರಿಸಲು ಎರಡು ದಿನ ಹಿಡಿಯಿತು. ನಮ್ಮ ನಾಲ್ಕು ಕೂಸುಗಳೂ ಅಲ್ಲಿಗೇ ಬರುತ್ತಿವೆ. ಅಲ್ಲಿಯದು ನಿನ್ನೆಗೆ ಹನ್ನೊಂದು, ಎರಡೆರಡು ಸಲ ಎಣಿಸಿದ್ದೇನೆ. ಮಧ್ಯಾಹ್ನದ ಸರದಿ ದರ್ಜಿಯಕ್ಕನದು, ಅದಕ್ಕೇ ಇದನ್ನು ಬರೆಯಲು ಬಿಡುವಾಯಿತು. ಚೀಲದ ಮೇಡಂ ರಜೆ ಹಾಕಿ ಬಂದಿದ್ದಾಳೆ, ಅವಳನ್ನು ಬೈದರೆ ನನ್ನನ್ನು ಬೈದ ಹಾಗೆ. ಅನುಮತಿ ಯಾರನ್ನೂ ಕೇಳಿಲ್ಲ. ಶೆಡ್ಡಿನ ಈ ಹೊಸ ಕೋಣೆ ನಿಮ್ಮ ಸಂಘದ ಒಳಗೋ ಹೊರಗೋ ನನಗೆ ಗೊತ್ತಿಲ್ಲ, ನೀನೇ ತೀರ್ಮಾನಿಸು. ಒಂದು ಕೂಸಿನ ಕಿವಿ ಸೋರುತ್ತಿದೆ, ಆಸ್ಪತ್ರೆಗೆ ತೋರಿಸಿದ್ದೇವೆ, ಆದರೆ ವಾರವಾರ ನೋಡುವವರು ಬೇಕು. ಒಳಗೆ ಅಂತಾದರೆ ನರ್ಸಮ್ಮನನ್ನು ಕಳಿಸು. ಹೊರಗೆ ಅಂತಾದರೆ ಯಾರನ್ನೂ ಕಳಿಸಬೇಡ, ನೀನೇ ಬಾ.